ದಬ್ಬಣ ಹಾದ ಹಾಳೆ

"ಮೂರೂವರೆಗೆ ಬೀಗ ಹಾಕ್ತೀನಿ ಮೇಡಂ. ನನ್ನ ಮೇಲೆ ಬೇಜಾರ್ ಮಾಡ್ಕೋಬೇಡಿ, ಸಾಹೇಬ್ರ ಆರ್ಡರ್," ಎಂದು ರೆಕಾರ್ಡ್ ರೂಮಿನ ಗುಮಾಸ್ತೆ ಮುಸರ್ರತ್ ಗೋಡೆ ಗಡಿಯಾರದ ಕಡೆ ಕೈ ತೋರಿಸಿದಳು.

ಎರಡೂ ಮುಕ್ಕಾಲಾಗಿತ್ತು. ನನ್ನ ಮುಂದೆ ನಲವತ್ತೊಂದು ಫೈಲುಗಳು. ಇಪ್ಪತ್ತಾರನ್ನು ತಿರುವಿ ಹಾಕಿದ್ದೆ, ಸಿಕ್ಕಿದ್ದು ದೂಳು ಮಾತ್ರ.

ಇಷ್ಟು ದಿನದ ಕಥೆ ಒಂದೇ ಉಸಿರಿನಲ್ಲಿ ಹೇಳುವುದಾದರೆ, ಯಲಹಂಕದಾಚೆಯ ಈ ಸಪ್ತಪರ್ಣ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ನರ್ಸಿಂಗ್ ಓದಿ ಪಾಸಾದ ನಲವತ್ತೆರಡು ಹುಡುಗಿಯರಿಗೆ, ಕೋರ್ಸಿಗೆ ಮಾನ್ಯತೆಯೇ ಇಲ್ಲವೆಂದು ನರ್ಸಿಂಗ್ ಕೌನ್ಸಿಲ್‌ನವರು ರಿಜಿಸ್ಟ್ರೇಶನ್ ನಿರಾಕರಿಸಿದ್ದರು. ವಿಶ್ವವಿದ್ಯಾಲಯ ಮಾತ್ರ "ಸೇರುವಾಗಲೇ ಬರೆದು ತಿಳಿಸಿದ್ದೇವೆ, ಅಪ್ಪ ಅಮ್ಮ ಸಹಿ ಹಾಕಿದ್ದಾರೆ" ಎಂದು ಕೂತಿತ್ತು.

ಅವರ ನಿಯಮ ಪುಸ್ತಕವೇ ಹೇಳುವಂತೆ, ಮೊದಲೇ ಬರೆದು ತಿಳಿಸದೆ ಹೋಗಿದ್ದರೆ ಹುಡುಗಿಯರನ್ನು ಮಾನ್ಯತೆಯಿರುವ ಕಾಲೇಜಿಗೆ ಸೇರಿಸಿ ಓದು ಮುಗಿಸಿಕೊಡುವುದು ವಿಶ್ವವಿದ್ಯಾಲಯದ ಹೊಣೆ. ತಿಳಿಸಿದ್ದರೆ ಅವರವರ ಹಣೆಬರಹ. ನಾಲ್ಕು ಗಂಟೆಗೆ ವಿಚಾರಣಾ ಸಮಿತಿ ಕೂರಲಿತ್ತು. ಇವತ್ತೇ ಕೊನೆಯ ದಿನ.

ನನ್ನನ್ನು ಈ ಕೇಸಿಗೆ ಎಳೆದು ತಂದ ರಕ್ಷಾ ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದಳು. ಶೆಟ್ಟಿಹಳ್ಳಿಯ ಹುಡುಗಿ. ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ನೋಂದಣಿ ಸಂಖ್ಯೆ ತರಬೇಕು, ಇಲ್ಲವೆ ಸಮಿತಿಯ ಆದೇಶವನ್ನಾದರೂ ತಂದರೆ ಟ್ರೈನಿ ಎಂದು ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಎರಡೂ ಇಲ್ಲದಿದ್ದರೆ ಆ ಜಾಗ ಇನ್ನೊಬ್ಬರಿಗೆ. ಬೆಳಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲ. ನಾನು ಕೊಟ್ಟ ಬಿಸ್ಕತ್ತಿನ ಪೊಟ್ಟಣವನ್ನು ಬಿಚ್ಚದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

ಇಪ್ಪತ್ತೆರಡು ವರ್ಷ ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದವಳು ನಾನು, ರಾಧಾಮಣಿ. ಕೆಲಸ ಬಿಟ್ಟು ಆರ್.ಟಿ. ನಗರದಲ್ಲಿ ಪತ್ತೇದಾರಿ ಬೋರ್ಡು ತಗುಲಿಸಿಕೊಂಡ ಮೇಲೆ ಎಂಥೆಂಥ ಫಟಿಂಗರನ್ನೋ ನೋಡಿದ್ದೇನೆ. ಆದರೆ ಫೈಲಿನ ಕೊನೆಯಲ್ಲಿದೆಯೆಂದು ಇವರು ಹೇಳುತ್ತಿದ್ದ ಈ ಹನ್ನೆರಡನೇ ಹಾಳೆ ಮೂರು ವಾರದಿಂದ ನನಗೆ ನಿದ್ದೆ ಕೊಟ್ಟಿರಲಿಲ್ಲ, ಫೈಲು ನೋಡಲು ಬಿಟ್ಟದ್ದು ಇವತ್ತೇ.

ಪ್ರತಿ ಫೈಲಿನಲ್ಲೂ ಹನ್ನೆರಡು ಹಾಳೆ. ಅರ್ಜಿ, ಮಾರ್ಕ್ಸ್ ಕಾರ್ಡು, ಟಿ.ಸಿ., ಜಾತಿ ಪತ್ರ ಎಲ್ಲ ಆದ ಮೇಲೆ ಕಟ್ಟಕಡೆಗೆ 'ತಿಳುವಳಿಕೆ ಪತ್ರ'. "ಈ ಕೋರ್ಸಿಗೆ ಕೌನ್ಸಿಲ್ ಮಾನ್ಯತೆ ಇನ್ನೂ ಸಿಕ್ಕಿರುವುದಿಲ್ಲ. ಓದಿ ಮುಗಿಸಿದವರಿಗೆ ನರ್ಸ್ ಆಗಿ ನೋಂದಣಿ ಸಿಗುವುದೆಂಬ ಭರವಸೆ ಇರುವುದಿಲ್ಲ. ಇದನ್ನು ಓದಿ, ತಿಳಿದು ಸಹಿ ಮಾಡಿರುತ್ತೇನೆ." ಕೆಳಗೆ ಅಪ್ಪನದೋ ಅಮ್ಮನದೋ ಸಹಿ. ತಾರೀಕು 2021ರ ಆಗಸ್ಟ್.

ಕೊರೋನಾದ ವರ್ಷ ಅದು. ಗೇಟಿನೊಳಗೆ ಒಬ್ಬ ಪೋಷಕರನ್ನು ಮಾತ್ರ ಬಿಡುತ್ತಿದ್ದರು, ಮಕ್ಕಳೆಲ್ಲ ಹೊರಗೆ. ಇಂಥ ಹಾಳೆಯನ್ನು ಕಣ್ಣಿನಿಂದಲೇ ನೋಡಿಲ್ಲ ಎಂದು ಪೋಷಕರೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದರು. ಆದರೆ ಸಹಿಗಳು ಅಚ್ಚುಕಟ್ಟಾಗಿದ್ದವು. ವರ್ಷಕ್ಕೆ ನಾಲ್ಕು ಸಲ ಕಾಲೇಜಿಗೆ ಪೋಷಕರ ಸಹಿ ಹೋಗುತ್ತಲೇ ಇರುತ್ತದೆ, ನೋಡಿ ಬರೆಯುವವನಿಗೆ ಏನು ಕಷ್ಟ? ಕೈಬರಹ ಪರೀಕ್ಷೆಗೆ ಕೊಟ್ಟರೆ ಎರಡು ತಿಂಗಳು. ನನ್ನ ಹತ್ತಿರ ಇದ್ದದ್ದು ಮುಕ್ಕಾಲು ಗಂಟೆ.

"ಈ ರೂಮಿನ ಕೀ ಯಾರ್ ಯಾರ ಹತ್ರ ಇದೆ ಮುಸರ್ರತ್?"

"ಎರಡು ಕೀ. ಒಂದು ನನ್ನತ್ರ, ಇನ್ನೊಂದು ರಘುನಾಥ್ ಸಾಹೇಬ್ರತ್ರ." ಆಮೇಲೆ ತಲೆ ತಗ್ಗಿಸಿ ರಿಜಿಸ್ಟರಿನಲ್ಲಿ ಏನೋ ಬರೆಯತೊಡಗಿದಳು. "ಜೂನಲ್ಲಿ ನಾನು ನಾಲ್ಕು ದಿನ ರಜಾ ಹಾಕಿದ್ದೆ. ತಂಗಿ ಮದುವೆ. ಅಷ್ಟೇ ನನಗೆ ಗೊತ್ತಿರೋದು."

ಕೌನ್ಸಿಲ್ ಕಾಗದ ಬಂದದ್ದೂ ಜೂನಿನಲ್ಲೇ. ಇವಳು ತಾನು ತಪ್ಪಿಸಿಕೊಳ್ಳುತ್ತಿದ್ದಾಳೋ, ನನಗೆ ದಾರಿ ತೋರಿಸುತ್ತಿದ್ದಾಳೋ ತಿಳಿಯಲಿಲ್ಲ. ನಾಲ್ಕು ದಿನ ಸಾಕು, ನಲವತ್ತೊಂದು ಹಾಳೆ ಸೇರಿಸುವುದಕ್ಕೆ. ಇಲ್ಲವೆ ಅವಳೇ ತನ್ನ ಕೀಯನ್ನು ಯಾರಿಗಾದರೂ ಕೊಟ್ಟು ಹೋಗಿರಲೂ ಬಹುದು.

ಇಪ್ಪತ್ತೇಳನೆಯ ಫೈಲು ತೆಗೆದೆ. ಸ್ನೇಹಾಳದು, ರಕ್ಷಾಳ ಗೆಳತಿ. ಹೊಸ ಬಿಳಿ ಟ್ಯಾಗಿನಲ್ಲಿ ಕಟ್ಟಿದ್ದರು. ಬೇಸರ ಬಂದು ಟ್ಯಾಗನ್ನೇ ಬಿಚ್ಚಿ ಹಾಕಿದೆ. ಫ್ಯಾನಿನ ಗಾಳಿಗೆ ಹಾಳೆಗಳು ಮೇಜಿನ ತುಂಬ ಹರಡಿಹೋದವು.

"ಅಯ್ಯೋ ಮೇಡಂ!" ಮುಸರ್ರತ್ ಎದ್ದು ಫ್ಯಾನ್ ಆರಿಸಿದಳು.

ನಾನು ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಾಗೇ ನಿಂತುಬಿಟ್ಟೆ. ಟ್ಯಾಗ್ ಹಾದುಬರುವ ತೂತಿನ ಸುತ್ತ ಕಾಸಿನಗಲ ಒಂದು ಕಲೆ. ಅಲ್ಲಿ ಮಾತ್ರ ಕಾಗದ ತೆಳ್ಳಗೆ ಹೊಳೆಯುತ್ತಿತ್ತು, ಬೋಂಡಾ ಕಟ್ಟಿದ ಪೇಪರಿನ ಹಾಗೆ. ಎಣ್ಣೆ!

ಇನ್ನೊಂದು ಹಾಳೆ ಹಿಡಿದೆ. ಅದರಲ್ಲೂ ಇತ್ತು. ಒಂದರಿಂದ ಹನ್ನೊಂದರವರೆಗೆ ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಹಳದಿ ಕಲೆ. ಹನ್ನೆರಡನೆಯದನ್ನೂ ಎತ್ತಿ ಹಿಡಿದೆ. ತೂತು ಇತ್ತು, ಕಲೆ ಇರಲಿಲ್ಲ. ಮಿಷನ್ನಿನಲ್ಲಿ ಕೊರೆದ ದುಂಡನೆಯ, ಚೊಕ್ಕ ತೂತು.

ಥೂ ನನ್ನ ಕಣ್ಣಿಗಿಷ್ಟು! ಇಪ್ಪತ್ತಾರು ಫೈಲು ಅಕ್ಷರ ನೋಡುತ್ತ ಕೂತಿದ್ದೆ, ತೂತು ನೋಡಿರಲಿಲ್ಲ. ಠಾಣೆಯಲ್ಲಿ ದಬ್ಬಣಕ್ಕೆ ಕೊಬ್ಬರಿ ಎಣ್ಣೆ ಸವರಿ ಸಾವಿರಾರು ಕೇಸ್ ಫೈಲು ಹೊಲಿದವಳು ನಾನೇ.

ನೋಡಿದ್ದ ಫೈಲುಗಳನ್ನೂ ಎಳೆದುಕೊಂಡು ಬಿಚ್ಚಿದೆ. ಮುಸರ್ರತ್ ತಾನಾಗಿಯೇ ಬಂದು ಟ್ಯಾಗು ಬಿಚ್ಚಿಕೊಡತೊಡಗಿದಳು, ಒಂದು ಮಾತೂ ಆಡಲಿಲ್ಲ. ಮೂರೂ ಇಪ್ಪತ್ತಕ್ಕೆ ನಲವತ್ತೊಂದೂ ಮುಗಿಯಿತು. ಎಲ್ಲದರಲ್ಲೂ ಹನ್ನೊಂದು ಹಾಳೆಗೆ ಕಲೆ, ಹನ್ನೆರಡನೆಯದಕ್ಕೆ ಇಲ್ಲ.

ಬಾಗಿಲಿಗೆ ಓಡಿ ಕೃಷ್ಣಯ್ಯನವರನ್ನು ಕೂಗಿದೆ.

ಕೃಷ್ಣಯ್ಯ ಎಪ್ಪತ್ತು ದಾಟಿದ ಮುದುಕರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾಗಿ, ಆಮೇಲೆ ಆರು ವರ್ಷ ಇಲ್ಲಿ ಪ್ರವೇಶ ವಿಭಾಗದ ಫೈಲು ನೋಡಿಕೊಂಡಿದ್ದವರು. ಈಗ ಹೆಸರಘಟ್ಟದ ಹತ್ತಿರ ಮೂರು ಹಸು ಕಟ್ಟಿಕೊಂಡಿದ್ದಾರೆ. ಬೆಳಗ್ಗೆ ಹಾಲು ಕರೆದು, ಡೇರಿಗೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಕ್ಷಿ ಹೇಳಲು ನನ್ನ ಜೊತೆ ಬಂದಿದ್ದರು. ಅವರ ವಿಳಾಸ ನನಗೆ ಸಿಕ್ಕಿದ್ದೇ ಹಿಂದಿನ ರಾತ್ರಿ, ಕೂತು ಮಾತಾಡಲು ಪುರಸೊತ್ತಾಗಿರಲಿಲ್ಲ.

"ಯಜಮಾನರೇ, ಫೈಲು ಹೊಲಿಯುವಾಗ ದಬ್ಬಣಕ್ಕೆ ಏನು ಹಚ್ತಿದ್ರಿ?"

"ಅರಳೆಣ್ಣೆ, ತಾಯಿ. ಮಾರ್ಕ್ಸ್ ಕಾರ್ಡು ದಪ್ಪ ಇರ್ತದಲ್ಲಾ, ಒಣ ದಬ್ಬಣ ಓಗಾಕಿಲ್ಲ. ನಮ್ಮನೇವ್ಳು ಒಂದ್ ಸೀಸೇಲಿ ಆಕ್ಕೊಟ್ಟಿದ್ಲು." ನಾಚಿಕೊಂಡು ನಕ್ಕರು. "ಮಿಷನ್ ಕೊಟ್ಟಿದ್ರು ಕಣಮ್ಮ. ನಂಗೆ ಅದು ಒಗ್ಗಲಿಲ್ಲ. ಎಲ್ಲಾ ಆಳೇನೂ ಒಟ್ಟಿಗೆ ಮಡಗಿ ಒಂದೇ ಸಲ ಚುಚ್ಚಿಬಿಟ್ರೆ ಆಮ್ಯಾಕೆ ಯಾವನೂ ನಡುವೆ ತುರುಕಂಗಿಲ್ಲ. ನಮ್ಮ ಶಿರಸ್ತೇದಾರ್ರು ಕಲಿಸ್ಕೊಟ್ಟಿದ್ದು."

"ಎಷ್ಟು ಹಾಳೆ ಹೊಲಿತಿದ್ರಿ?"

"ಅನ್ನೊಂದು. ಎಲ್ರುದ್ದೂ ಅನ್ನೊಂದೇ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಹುಬ್ಬು ಗಂಟಿಕ್ಕಿತು. "ಒಬ್ರುದ್ದು ಬುಟ್ಟು..."

ನನಗೆ ಆ ಕೊನೆಯ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಗೆದ್ದೆ ಎಂಬ ಹಮ್ಮು ಅಷ್ಟು ಏರಿತ್ತು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

"ಏನ್ ಮೇಡಂ, ಇಡೀ ರೂಮ್ ಹರಡ್ಕೊಂಡಿದ್ದೀರಿ?"

ರಘುನಾಥ್ ಬಾಗಿಲಲ್ಲಿ ನಿಂತಿದ್ದ. ಪ್ರವೇಶ ವಿಭಾಗದ ಡೆಪ್ಯುಟಿ ರಿಜಿಸ್ಟ್ರಾರ್. ಗರಿಗರಿ ಅಂಗಿ, ಮೆತ್ತಗಿನ ಮಾತು. ಕಂಕುಳಲ್ಲಿ ಒಂದು ಫೈಲು.

"ಬನ್ನಿ ಸಾರ್, ನಿಮ್ಮನ್ನೇ ಕಾಯ್ತಿದ್ದೆ," ಎಂದೆ. "ಈ ಹಾಳೆ ಬೆಳಕಿಗೆ ಹಿಡಿದು ನೋಡಿ. ಇದು 2021ರಲ್ಲಿ ಕೃಷ್ಣಯ್ಯನೋರು ಹೊಲಿದಿದ್ದು. ಈ ಹನ್ನೆರಡನೇದು ಈಚೆಗೆ ಯಾರೋ ಪುಣ್ಯಾತ್ಮರು ಮಿಷನ್ನಲ್ಲಿ ತೂತು ಹಾಕಿ ಸೇರಿಸಿದ್ದು. ಎಣ್ಣೆ ಕಲೆ ಇಲ್ಲ. ನಲವತ್ತೊಂದಕ್ಕೆ ನಲವತ್ತೊಂದೂ ಬೋಗಸ್!"

"ನಾನು ಸೇರಿಸಿದೆ ಅಂತೀರಾ?"

"ನಿಮ್ಮ ಹೆಸರು ಹೇಳಿದ್ನಾ ನಾನು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಲ್ಲ ಸಾರ್!"

ಮುಸರ್ರತ್ ಬಾಯಿಗೆ ಸೆರಗು ಅಡ್ಡ ಹಿಡಿದಳು. ರಘುನಾಥ್ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. ಆ ನಿಧಾನ ಕಂಡು ನನಗೆ ಮೊದಲ ಸಲ ಅನುಮಾನ ಬಂತು.

"ಅಂದ್ರೆ, ಎಣ್ಣೆ ಕಲೆ ಇದ್ರೆ ಅಸಲಿ, ಇಲ್ದಿದ್ರೆ ನಕಲಿ. ಅಲ್ವಾ ಮೇಡಂ?"

"ಹೌದು."

"ಕಮಿಟಿ ಮುಂದೆನೂ ಇದನ್ನೇ ಹೇಳ್ತೀರಾ?"

"ಗಂಟಲು ಹರಿಯೋ ಹಾಗೆ ಹೇಳ್ತೀನಿ."

"ಹೇಳಿ. ಅದಕ್ಕೂ ಮುಂಚೆ ಇದನ್ನ ಸ್ವಲ್ಪ ನೋಡ್ಬಿಡಿ. ನಿಮಗೆ ಕೊಟ್ಟಿದ್ದು ನಲವತ್ತೊಂದು, ನಲವತ್ತೆರಡನೇದು ಎಲ್ಲಿ ಅಂತ ಕೇಳಲೇ ಇಲ್ವಲ್ಲ ನೀವು." ಕಂಕುಳಲ್ಲಿದ್ದ ಫೈಲನ್ನು ಮೇಜಿನ ಮೇಲಿಟ್ಟ.

ಮೇಲೆ ಹೆಸರಿತ್ತು. ರಕ್ಷಾ ಶೇಖರಪ್ಪ.

ಕೇಳಿದ್ದೆ. ಬೆಳಗ್ಗೆ ಮುಸರ್ರತ್ "ಅದು ಸಾಹೇಬ್ರ ಟೇಬಲ್ ಮೇಲಿದೆ, ಬರುತ್ತೆ" ಎಂದಿದ್ದಳು. ಬಂದಿತು.

ಇದಕ್ಕೆ ಹಳೆಯ ದಾರವೇ ಇತ್ತು. ಯಾರೂ ಬಿಚ್ಚಿರಲಿಲ್ಲ. ಹನ್ನೆರಡನೆಯ ಹಾಳೆಯನ್ನು ದಾರದ ಮೇಲೇ ಎತ್ತಿ ಕಿಟಕಿಯ ಕಡೆ ತಿರುಗಿಸಿದೆ. ತೂತಿನ ಸುತ್ತ ಕಾಸಿನಗಲದ ಹಳದಿ ಕಲೆ ಹೊಳೆಯಿತು.

ಕೃಷ್ಣಯ್ಯ ಬಗ್ಗಿ ಗಂಟು ನೋಡಿದರು. "ಇದು ನಾನೇ ಒಲ್ದಿದ್ದು," ಎಂದರು. ದನಿ ಕುಗ್ಗಿತ್ತು. "ಆಗ್ಲೇ ಇದ್ನೇ ಏಳಕ್ ಬಂದೆ ತಾಯಿ. ಒಬ್ರು ಬಂದಿದ್ರು, ಬಡಗಲ ಸೀಮೆಯೋರು. ಅರ್ಜೀನ ಇಂದೆ ಮುಂದೆ ಎಲ್ಲಾ ಓದಿದ್ರು. 'ಇದಕ್ಕ ಕೌನ್ಸಿಲ್ ನಂಬರ್ ಸಿಗ್ತೈತೇನ್ರಿ' ಅಂತ ಕೇಳಿದ್ರು. ಅಷ್ಟ್ ಜನದಾಗೆ ಕೇಳಿದೋರು ಅವರೊಬ್ರೇ. ನಂಗೇನ್ ಗೊತ್ತು, ಸಾಹೇಬ್ರ ತಾವ ಕಳಿಸ್ದೆ. ಸಾಹೇಬ್ರು ಒಂದು ಆಳೆ ಟೈಪ್ ಮಾಡ್ಸಿ ಕಳಿಸಿದ್ರು. ಅವ್ರು ಓದಿ ಸೈನ್ ಆಕಿದ್ರು. ಸೇರಿಸಿ ಒಲ್ದೆ."

ಸಹಿಯ ಮೇಲೆ, ಉಳಿದ ನಲವತ್ತೊಂದರಲ್ಲಿ ಇಲ್ಲದ ಒಂದು ಸಾಲು ಕೈಬರಹದಲ್ಲಿತ್ತು. "ಓದಿ ನೋಡಿದ್ದೇನೆ. ಎನ್. ಶೇಖರಪ್ಪ."

ರಕ್ಷಾಳ ಅಪ್ಪ ಜಾಲಹಳ್ಳಿಯ ಕಡೆ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಬೋಲ್ಟು ನಟ್ಟಿನ ಅಳತೆ ನೋಡುವ ಕೆಲಸ. ನಮ್ಮಪ್ಪ ಬಸ್ ಟಿಕೆಟಿನ ಹಿಂದೆ ಬರೆದಿರುವುದನ್ನೂ ಓದುತ್ತಾರೆ ಎಂದು ರಕ್ಷಾ ನಕ್ಕು ಹೇಳಿದ್ದಳು. ಅಂಥವರು ಓದದೆ ಸಹಿ ಹಾಕುತ್ತಾರೆಯೇ ಎಂದು ನನಗೆ ಅವತ್ತೇ ಹೊಳೆಯಬೇಕಿತ್ತು.

"ಈಗ ಲೆಕ್ಕ ಬಿಡಿಸಾಗಿದೆ," ರಘುನಾಥ್ ಬೆರಳು ಮಡಚಿದ. "ನೀವು ಎಣ್ಣೆ ಕಥೆ ಹೇಳಿದ್ರೆ ನಲವತ್ತೊಂದು ಹುಡುಗೀರು ಗೆಲ್ತಾರೆ. ನಿಮ್ಮ ಹುಡುಗಿಗೆ ಮಾತ್ರ ಮೊದಲೇ ತಿಳಿಸಿದ್ವಿ ಅಂತ ನಿಮ್ಮ ಬಾಯಿಂದಲೇ ಪ್ರೂವ್ ಆಗುತ್ತೆ. ಅವಳಿಗೆ ಬೇರೆ ಕಾಲೇಜೂ ಇಲ್ಲ, ನಂಬರೂ ಇಲ್ಲ."

"ಹೇಳದಿದ್ರೆ?"

"ಶೇಖರಪ್ಪನವರು ಒಳಗೆ ಬಂದು, ಆ ದಿನ ಎಲ್ಲರೂ ಸಾಲಲ್ಲಿ ನಿಂತು ಸಹಿ ಮಾಡಿದ್ವಿ ಅಂತ ಒಂದು ಮಾತು ಹೇಳಲಿ. ಆ ಹುಡುಗೀನ ಸೋಮವಾರವೇ ಮಾನ್ಯತೆ ಇರೋ ಕಾಲೇಜಿಗೆ ಸೇರಿಸ್ತೀನಿ, ಕಾಗದ ರೆಡಿ ಇದೆ. ಬೆಳಗ್ಗೆನೇ ಅವರಿಗೆ ಫೋನ್ ಮಾಡಿದ್ದೆ. ಹೊರಗಡೆ ಬಂದು ಕೂತಿದ್ದಾರೆ ನೋಡಿ."

"ಹುಳ ಬೀಳ್ತದೆ ರೀ ನಿಮಗೆ!" ಎಂದೆ. ಇನ್ನೂ ಕೆಟ್ಟದ್ದು ಬಾಯಿಗೆ ಬಂದಿತ್ತು, ಕೃಷ್ಣಯ್ಯನವರ ಮುಖ ನೋಡಿ ನುಂಗಿದೆ.

ರಘುನಾಥ್ ಎದ್ದು ಅಂಗಿ ಸರಿಮಾಡಿಕೊಂಡ. "ಮೂರೂವರೆ ಆಯ್ತು ಮುಸರ್ರತ್, ಬೀಗ ಹಾಕಿ. ಫೈಲೆಲ್ಲ ಕಮಿಟಿ ರೂಮಿಗೆ ಕಳಿಸಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಜ್ಜಿ ಸಾವಿರ ಸಲ ಹೇಳಿದ್ದಳು. ಎಣ್ಣೆಯ ವಿಷಯ ಸಮಿತಿಯ ಮುಂದೆ ಬಿಚ್ಚಬೇಕಾಗಿದ್ದವಳು ಕಳ್ಳನ ಮುಂದೆಯೇ ಬಿಚ್ಚಿದ್ದೆ. ಅದಕ್ಕೆ ಉತ್ತರ ಹೊಂದಿಸಿಕೊಳ್ಳಲು ಅವನಿಗೆ ಅರ್ಧ ಗಂಟೆ ಸಮಯ ಕೊಟ್ಟಿದ್ದೇ ನಾನು.

ಕಾರಿಡಾರಿನ ಬೆಂಚಿನಲ್ಲಿ ಶೇಖರಪ್ಪ ಮಗಳ ಪಕ್ಕ ಕೂತಿದ್ದರು. ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದಿದ್ದರು. ನನ್ನನ್ನು ಕಂಡು ಎದ್ದರು, ಮುಖ ಕೊಟ್ಟು ನೋಡಲಿಲ್ಲ.

ರಕ್ಷಾ ಓಡಿ ಬಂದಳು. "ಮೇಡಂ, ಏನಾದ್ರೂ ಸಿಕ್ತಾ?"

ಹೇಳಲೋ ಬೇಡವೋ? ಸುಳ್ಳು ಹೇಳುವುದು ನನಗೇನೂ ಹೊಸದಲ್ಲ, ಪೊಲೀಸಿನವಳು. ಆದರೆ ಆ ಹುಡುಗಿಯ ಮುಖ ನೋಡಿಕೊಂಡು ಆಗಲಿಲ್ಲ. ಅವಳ ಬದುಕಿನ ವಿಷಯವನ್ನು ಅವಳಿಗೆ ಹೇಳದೆ ನಾವು ನಾವೇ ತೀರ್ಮಾನ ಮಾಡುವುದಾದರೆ ನನಗೂ ಆ ರಘುನಾಥನಿಗೂ ಏನು ವ್ಯತ್ಯಾಸ? ಎಲ್ಲವನ್ನೂ ಹೇಳಿದೆ. ಎಣ್ಣೆ ಕಲೆ, ನಲವತ್ತೊಂದು ನಕಲಿ ಹಾಳೆ, ಒಂದು ಅಸಲಿ ಹಾಳೆ, ರಘುನಾಥನ ಕರಾರು.

ರಕ್ಷಾ ಮೊದಲು ನಕ್ಕಳು. "ನಮ್ಮಪ್ಪ? ಚಾನ್ಸೇ ಇಲ್ಲ ಮೇಡಂ. ಗೊತ್ತಿದ್ರೆ ನನಗೆ ಹೇಳ್ತಿರ್ಲಿಲ್ವಾ?" ಹಿಂತಿರುಗಿ ನೋಡಿದಳು. "ಅಪ್ಪಾ, ಹೇಳು ಇವರಿಗೆ."

ಶೇಖರಪ್ಪ ಜೇಬಿನಿಂದ ಕನ್ನಡಕ ತೆಗೆದು ಒರೆಸತೊಡಗಿದರು.

"ಅಪ್ಪಾ!"

"ಓದೇನಿ, ಅವ್ವಿ," ಎಂದರು. "ಓದೇ ಸಹಿ ಮಾಡೇನಿ."

ಅವಳ ಕೈಯಿಂದ ಬಿಸ್ಕತ್ತಿನ ಪೊಟ್ಟಣ ಕೆಳಗೆ ಬಿತ್ತು.

"ಎರಡು ವರ್ಷದಾಗ ಮಾನ್ಯತೆ ಬರ್ತೈತಿ ಅಂತ ಆ ಸಾಹೇಬ ದೇವ್ರ ಫೋಟೋ ಮುಟ್ಟಿ ಹೇಳಿದ. ಬ್ಯಾರೆ ಕಾಲೇಜಿನಾಗೆಲ್ಲ ಸೀಟ್ ಮುಗದಿದ್ವು. ನೀ ಗೇಟಿನ ಹೊರಗ ಮಾಸ್ಕ್ ಹಾಕ್ಕೊಂಡು ನಿಂತಿದ್ದಿ, ಕೈ ಬೀಸ್ತಿದ್ದಿ." ಅವರು ಗೇಟಿನ ಕಡೆ ನೋಡಿದರು. "ನಿಮ್ಮಜ್ಜಿ ಕೊರೋನಾ ವಾರ್ಡಿನಾಗ ಹೋದ್ಲಲ್ಲ, ನಮ್ಮನ್ನ ಯಾರನ್ನೂ ಬಿಡ್ಲಿಲ್ಲ. ಒಬ್ಬಾಕಿ ನರ್ಸ್ ಹುಡುಗಿ ಕಡೀತನಕ ಕೈ ಹಿಡಕೊಂಡು ಕುಂತಿದ್ಲಂತ. ನೀನೂ ಹಂಗ ಆಗ್ಬೇಕು ಅನ್ನೋದೊಂದ ತಲ್ಯಾಗಿತ್ತು. ತಪ್ಪಾತು."

"ನಾಲ್ಕು ವರ್ಷ ಅಪ್ಪಾ! ನಾಲ್ಕು ವರ್ಷದಾಗ ಒಂದಿನನಾದ್ರೂ ಹೇಳ್ಬೇಕು ಅನ್ನಿಸಲಿಲ್ಲ?"

"ದಿನಾ ಅನ್ನಿಸ್ತಿತ್ತು. ಇವತ್ತ ಬರ್ತೈತಿ, ನಾಳೆ ಬರ್ತೈತಿ ಅಂತ ತಡದೆ. ನೀ ಆ ಬಿಳಿ ಡ್ರೆಸ್ ಹಾಕ್ಕೊಂಡು ಹೊಂಟಾಗ ಹೇಳಾಕ ಬಾಯೇ ಬರ್ಲಿಲ್ಲ."

ರಕ್ಷಾ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಗೋಡೆಗೆ ಬೆನ್ನು ಕೊಟ್ಟು ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು.

"ಈಗ ನಾ ಸರಿ ಮಾಡ್ತೀನಿ," ಎಂದರು ಶೇಖರಪ್ಪ. "ಒಳಗ ಹೋಗಿ, ಎಲ್ಲಾರೂ ಓದಿ ಸಹಿ ಮಾಡಿದ್ವಿ ಅಂತೀನಿ. ನಿನಗ ಸೀಟ್ ಕೊಡ್ತಾನ. ಕಾಗದ ನಾ ನೋಡೇನಿ, ಓದೇನಿ. ಈ ಸಲ ಖರೇನ ಐತಿ."

"ಹಂಗಂದ್ರ ಸ್ನೇಹಾಗ ಏನಾಗ್ತೈತಿ? ಅವಳಮ್ಮ ಆ ಹಾಳೆ ನೋಡೇ ಇಲ್ಲ. ಉಳಿದವರಿಗೆಲ್ಲ?"

"ಸ್ನೇಹಾ ನನ್ನ ಮಗಳಲ್ಲ."

ಕಾರಿಡಾರಿನ ಆ ತುದಿಯಲ್ಲಿ ಉಳಿದ ಹುಡುಗಿಯರು ಗುಂಪುಗಟ್ಟಿ ನಿಂತಿದ್ದರು. ಸ್ನೇಹಾ ನಮ್ಮ ಕಡೆ ನೋಡಿ ಹೆಬ್ಬೆರಳು ಎತ್ತಿ, ಆಯಿತಾ ಎನ್ನುವಂತೆ ಸನ್ನೆ ಮಾಡಿದಳು. ರಕ್ಷಾ ಮುಖ ತಿರುಗಿಸಿಕೊಂಡಳು.

"ಮೇಡಂ, ನಾನೇನ್ ಮಾಡ್ಲಿ?" ಎಂದು ನನ್ನನ್ನು ಕೇಳಿದಳು.

ಆ ಹುಡುಗಿಯ ವಯಸ್ಸಿನಲ್ಲಿ ನಾನಾಗಿದ್ದರೆ ಸೀಟು ತೆಗೆದುಕೊಂಡು ಹೋಗುತ್ತಿದ್ದೆನೋ ಏನೋ. "ನೀನು ಏನ್ ಹೇಳ್ತೀಯೋ ಅದರ ಹಿಂದೆ ನಾನಿರ್ತೀನಿ ಕಣಮ್ಮಾ," ಎಂದೆ. ಅಷ್ಟೇ ಹೇಳಲಾಗಿದ್ದು.

"ಶೇಖರಪ್ಪ ಯಾರ್ರೀ? ಒಳಗೆ ಬನ್ನಿ," ಎಂದು ಅಟೆಂಡರ್ ಕೂಗಿದ. ಶೇಖರಪ್ಪನವರ ಹೆಸರನ್ನೇ ರಘುನಾಥ್ ಮೊದಲು ಹಾಕಿಸಿದ್ದ.

ನಾವೂ ಹಿಂದೆ ಹೋದೆವು. ಉದ್ದನೆಯ ಮೇಜು, ಮೂವರು ಸದಸ್ಯರು. ನಡುವೆ ಅಧ್ಯಕ್ಷೆ, ನಿವೃತ್ತ ನ್ಯಾಯಾಧೀಶೆ, ಬಿಳಿ ಕೂದಲಿನ ಗಟ್ಟಿ ಹೆಂಗಸು. ಪಕ್ಕದಲ್ಲಿ ಫೈಲುಗಳ ರಾಶಿ, ಅದರಾಚೆ ರಘುನಾಥ್. ಕೃಷ್ಣಯ್ಯ ಗೋಡೆ ಬದಿಯ ಕುರ್ಚಿಯ ತುದಿಯಲ್ಲಿ ಕೂತರು.

ಮೊದಲು ನನ್ನನ್ನು ಮಾತಾಡಲು ಬಿಡಿ ಎಂದು ಕೇಳಿಕೊಂಡೆ. "ನಿಮ್ಮ ಸರದಿ ಬರುತ್ತೆ, ಕೂತ್ಕೊಳ್ಳಿ," ಎಂದರು ಅಧ್ಯಕ್ಷೆ.

ಅವರು ಹನ್ನೆರಡನೆಯ ಹಾಳೆಯನ್ನು ಶೇಖರಪ್ಪನವರ ಮುಂದಿಟ್ಟರು. "ಈ ಸಹಿ ನಿಮ್ಮದಾ?"

ಶೇಖರಪ್ಪ ಕನ್ನಡಕ ಹಾಕಿಕೊಂಡರು. ಹಾಳೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರು. ಯಾರೂ ಅವಸರ ಮಾಡಲಿಲ್ಲ. ರಕ್ಷಾಳ ಉಗುರು ನನ್ನ ಅಂಗೈಗೆ ಇಳಿದಿತ್ತು.

"ನಂದ ರೀ."

"ಆ ದಿನ ಬೇರೆ ಪೋಷಕರಿಗೂ ಇದೇ ಹಾಳೆ ಕೊಟ್ಟಿದ್ರಾ?"

"ಹೌದ್ರಿ. ಎಲ್ಲಾರಿಗೂ ಕೊಟ್ಟಿದ್ರು. ಸಾಲಿನಾಗ ನಿಂತು ಸಹಿ ಮಾಡಿದ್ವಿ."

ರಘುನಾಥ್ ಪೆನ್ನಿನ ಕ್ಯಾಪ್ ಮುಚ್ಚಿದ. ಅಧ್ಯಕ್ಷೆ ಬರೆದುಕೊಳ್ಳಲು ತಲೆ ಬಗ್ಗಿಸಿದರು.

"ಸುಳ್ಳು!"

ರಕ್ಷಾ ಎದ್ದು ನಿಂತಿದ್ದಳು. ಅವಳು ನನ್ನ ಕೈ ಬಿಟ್ಟದ್ದೇ ನನಗೆ ತಿಳಿದಿರಲಿಲ್ಲ.

"ಸುಳ್ಳು ಮೇಡಂ. ಆ ಹಾಳೆ ನಮ್ಮಪ್ಪ ಒಬ್ಬರಿಗೇ ಕೊಟ್ಟಿದ್ದು. ಉಳಿದ ನಲವತ್ತೊಂದು ಜನಕ್ಕೆ ಯಾರೂ ಏನೂ ಹೇಳಿಲ್ಲ."

"ಯಾರಮ್ಮಾ ನೀನು?"

"ಇವರ ಮಗಳು."

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. "ನೀನು ಹೇಳ್ತಿರೋದು ನಿಜ ಆದ್ರೆ ನಿನಗೊಬ್ಬಳಿಗೇ ಏನೂ ಸಿಗಲ್ಲ. ಗೊತ್ತಾ?"

"ಗೊತ್ತು ಮೇಡಂ."

"ಆ ದಿನ ನೀನು ಒಳಗಿದ್ಯಾ?"

"ಇಲ್ಲ, ಗೇಟ್ ಹತ್ರ ಇದ್ದೆ. ಈಗ ಹೊರಗಡೆ ಅಪ್ಪನೇ ಹೇಳಿದ್ರು."

"ಸಣ್ಣಾಕಿ ರೀ, ಹಟಕ್ಕ ಮಾತಾಡ್ತಾಳ," ಎಂದು ಶೇಖರಪ್ಪ ನಡುವೆ ಬಾಯಿ ಹಾಕಿದರು. ಮಗಳ ಕಡೆ ನೋಡಲಿಲ್ಲ. "ನಾ ಹಂಗ ಏನೂ ಹೇಳಿಲ್ಲ. ಆಕಿ ಮಾತು ಬರ್ಕೋಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಅಪ್ಪಾ, ಸಾಕು ಬಿಡು!"

ನಾನೂ ಎದ್ದೆ. ಎಣ್ಣೆ ಕಲೆ, ದಬ್ಬಣ, ಮಿಷನ್ನಿನ ತೂತು, ಆ ದಿನ ಮೇಜಿನ ಹಿಂದೆ ಕೂತು ಹೊಲಿದ ಕೃಷ್ಣಯ್ಯ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ರಘುನಾಥ್ ತಣ್ಣಗೆ ಹೇಳಿದ: "ಕೆಲವು ಫೈಲು ಹೊಲಿದಾದ ಮೇಲೆ ಆ ಹಾಳೆ ಸೇರಿಸಿರಬಹುದು ಮೇಡಂ. ಅದೇ ದಿನವೇ. ಎಣ್ಣೆ ಇಲ್ಲ ಅಂದ ಮಾತ್ರಕ್ಕೆ ಸಹಿ ಸುಳ್ಳಾಗುತ್ತಾ? ಸಹಿ ಮಾಡಿದವರೇ ಸಾಕ್ಷಿ ಹೇಳ್ತಿದ್ದಾರಲ್ಲ."

ಅಧ್ಯಕ್ಷೆ ಅಪ್ಪನನ್ನೂ ಮಗಳನ್ನೂ ನೋಡಿದರು. ಆಮೇಲೆ ಗೋಡೆ ಬದಿಗೆ ತಿರುಗಿದರು.

"ಇವರಿಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದಾರೆ. ಆ ದಿನ ಆ ಮೇಜಿನ ಹಿಂದೆ ಇದ್ದವರು ನೀವೊಬ್ಬರೇ, ಕೃಷ್ಣಯ್ಯನವರೇ. ಈ ಹಾಳೆ ಎಷ್ಟು ಜನಕ್ಕೆ ಕೊಟ್ರಿ? ನೀವು ಏನ್ ಹೇಳ್ತೀರೋ ಅದನ್ನೇ ನಾನು ಬರ್ಕೋತೀನಿ."

ಕೃಷ್ಣಯ್ಯ ಎದ್ದು ನಿಂತರು. ರಕ್ಷಾಳನ್ನು ನೋಡಿದರು. ಅವಳು ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿದ್ದಳು.

ಅವಳ ಹಿಂದೆ, ಮಗಳಿಗೆ ಕಾಣದ ಹಾಗೆ, ಶೇಖರಪ್ಪ ಆ ಮುದುಕರ ಕಡೆ ಎರಡೂ ಕೈ ಜೋಡಿಸಿಬಿಟ್ಟರು.

ಕೃಷ್ಣಯ್ಯ ಅದನ್ನು ಕಂಡರು. ಹೇಳಲು ತೆರೆದಿದ್ದ ಬಾಯಿಯನ್ನು ಹಾಗೇ ಮುಚ್ಚಿಕೊಂಡರು.

"ಸ್ವಾಮೀ," ಎಂದರು ಆಮೇಲೆ, "ನಂಗೊಂದು ಲೋಟ ನೀರು ಕೊಡ್ಸಿ."